ಮೀನು ಬಿಲಕ್ಕೆ ಓಡದಷ್ಟು ದೂರ

ಮೊನ್ನೆ ಡೈವಿಂಗ್ ಗೆಳೆಯನೊಬ್ಬ ಫೋನ್ ಮಾಡಿದ್ದ. "ಕಾಂಪ್ಯಾಕ್ಟ್ ಸಾಕಾಯ್ತು ಮಾರಾಯ, ಡಿಎಸ್‌ಎಲ್‌ಆರ್ ತಗೊಳ್ಳಾ? ಈಗ ಸೆಕೆಂಡ್ ಹ್ಯಾಂಡ್ ಚೆನ್ನಾಗಿ ಸಿಗ್ತಿದೆ. ಮ್ಯಾಕ್ರೋ ಕ್ವಾಲಿಟಿ ತುಂಬಾ ಜಾಸ್ತಿ ಆಗುತ್ತಾ?" (ಕಾಂಪ್ಯಾಕ್ಟ್ ಅಂದ್ರೆ ಜೇಬಿಗೆ ಹಿಡಿಯೋ ಸಣ್ಣ ಕ್ಯಾಮೆರಾ, ಡಿಎಸ್‌ಎಲ್‌ಆರ್ ಅಂದ್ರೆ ಲೆನ್ಸ್ ಬದಲಿಸಬಹುದಾದ ದೊಡ್ಡದು, ಮ್ಯಾಕ್ರೋ ಅಂದ್ರೆ ಸಣ್ಣ ಜೀವಿಗಳನ್ನು ದೊಡ್ಡದಾಗಿ ತೋರಿಸೋ ಚಿತ್ರ.) ಕ್ವಾಲಿಟಿಗೋಸ್ಕರ ಆದ್ರೆ ಬೇಡ ಅಂದೆ. ಹಾಗಾದ್ರೆ ನೀನ್ಯಾಕೆ ತಗೊಂಡೆ ಅಂದ. ಅದನ್ನು ಫೋನಿನಲ್ಲಿ ಹೇಳಿ ಮುಗಿಸೋಕೆ ಆಗಲಿಲ್ಲ, ಇಲ್ಲಿ ಬರೀತಿದ್ದೀನಿ.

ನಾನು ನೀರೊಳಗೆ ಮೊದಲು ಕ್ಯಾಮೆರಾ ಹಿಡಿದದ್ದು ನಮ್ಮ ನೇತ್ರಾಣಿ ದ್ವೀಪದಲ್ಲಿ. ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್. ಕೈಯಲ್ಲಿದ್ದದ್ದು ಸೋನಿ ಆರ್‌ಎಕ್ಸ್100, ಒಂದು ಸ್ಟ್ರೋಬ್ (ನೀರೊಳಗೆ ಬಳಸೋ ಫ್ಲ್ಯಾಶ್), ಮತ್ತೆ ಹೌಸಿಂಗ್ (ಕ್ಯಾಮೆರಾಕ್ಕೆ ನೀರು ತಾಗದ ಕವಚ) ಮುಂದೆ ನೀರಿನಲ್ಲೇ ಹಾಕಿ ತೆಗೆಯಬಹುದಾದ, ಭೂತಗನ್ನಡಿಯಂಥ ಪ್ಲಸ್ 10 ಕ್ಲೋಸ್-ಅಪ್ ಲೆನ್ಸ್. ಬಂಡೆಯ ಮೇಲೆ ಕಿರುಬೆರಳ ಉದ್ದದ ಒಂದು ನ್ಯೂಡಿಬ್ರಾಂಕ್, ಅಂದ್ರೆ ಚಿಪ್ಪಿಲ್ಲದ ಕಡಲ ಬಸವನಹುಳ. ಅವತ್ತು ತೆಗೆದ ಚಿತ್ರ ಈಗಲೂ ನಮ್ಮ ಮನೆ ಗೋಡೆ ಮೇಲಿದೆ. ಅದರ ಪಕ್ಕ ಡಿಎಸ್‌ಎಲ್‌ಆರ್ ಚಿತ್ರ ಇಟ್ಟು ಯಾವುದು ಯಾವುದರದ್ದು ಅಂತ ಕೇಳಿದ್ರೆ ಬಂದವರಲ್ಲಿ ಹೆಚ್ಚಿನವರಿಗೆ ಹೇಳೋಕಾಗಲ್ಲ. ನಿಧಾನಕ್ಕೆ ಹರಿಯುವ ಜೀವಿ, ಒಳ್ಳೆ ಬೆಳಕು, ಅಲುಗಾಡದ ಕೈ. ಇಷ್ಟಿದ್ದರೆ ಕಾಂಪ್ಯಾಕ್ಟ್ ಬೇಕಾದಷ್ಟಾಯಿತು.

ನನಗೆ ಅದು ಸಾಲದು ಅನ್ನಿಸಿದ್ದು ಬಾಲಿಯ ತುಲಾಂಬೆನ್‌ನಲ್ಲಿ. 1942ರಲ್ಲಿ ಜಪಾನಿ ಸಬ್‌ಮರೀನಿನ ಟಾರ್ಪೆಡೋ ಹೊಡೆತ ತಿಂದ ಅಮೆರಿಕದ ಸರಕು ಹಡಗು 'ಲಿಬರ್ಟಿ' ಅಲ್ಲಿ ದಡ ಸೇರಿತ್ತು. 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ಮತ್ತೆ ನೀರಿಗೆ ಜಾರಿತು. ಎಲ್ಲರೂ ಆ ಹಡಗು ನೋಡೋಕೆ ಇಳಿಯುತ್ತಾರೆ. ಮ್ಯಾಕ್ರೋ ಹುಚ್ಚಿನವರು ಮಾತ್ರ ಪಕ್ಕದ ಕಪ್ಪು ಮರಳಿನ ಕಡೆ ತಿರುಗುತ್ತಾರೆ.

ಆ ಮರಳಲ್ಲಿ ಒಂದು ಬಿಲ. ಬಿಲದ ಬಾಯಲ್ಲಿ ಗೋಬಿ ಅನ್ನೋ ಸಣ್ಣ ಮೀನು ಕಾವಲು ಕೂತಿದೆ. ಹಿಂದಿನಿಂದ ಪಿಸ್ತೂಲ್ ಸಿಗಡಿ ಬುಲ್ಡೋಜರ್ ಥರ ಮರಳು ತಳ್ಳಿಕೊಂಡು ಹೊರಗೆ ಬರುತ್ತೆ, ಸುರಿದು ಒಳಗೆ ಹೋಗುತ್ತೆ, ಮತ್ತೆ ಬರುತ್ತೆ. ಸಿಗಡಿಗೆ ಕಣ್ಣು ಸರಿಯಾಗಿ ಕಾಣಲ್ಲ. ಹೊರಗೆ ಬಂದಾಗೆಲ್ಲ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತೆ. ಅಪಾಯ ಕಂಡರೆ ಮೀನು ಬಾಲ ಅಲ್ಲಾಡಿಸುತ್ತೆ, ಸಿಗಡಿ ಮಾಯ. ಅಪಾಯ ಇನ್ನೂ ಹತ್ತಿರ ಬಂದರೆ ಮೀನೂ ಮಾಯ. ಬಿಲ ತೋಡುವ ಕೆಲಸ ಸಿಗಡಿಯದ್ದು, ಕಣ್ಣಿನ ಕೆಲಸ ಮೀನಿನದ್ದು. ಇಂಥದ್ದನ್ನು ಕಣ್ಣಾರೆ ಕಂಡಮೇಲೆ ಆ ಮೀಸೆ ಮೀನಿಗೆ ತಾಗಿರುವ ಕ್ಷಣ ನನಗೆ ಬೇಕೇ ಬೇಕು ಅನ್ನಿಸಿತು.

ಕಾಂಪ್ಯಾಕ್ಟ್‌ನಲ್ಲಿ ಸಿಗಲೇ ಇಲ್ಲ. ಯಾಕೆ ಅಂತ ಲೆಕ್ಕ ಹಾಕಿ ನೋಡಿ. ಆರ್‌ಎಕ್ಸ್100 ಪೂರ್ತಿ ಜೂಮ್ ಮಾಡಿದರೆ 55 ಸೆಂಟಿಮೀಟರಿಗಿಂತ ಹತ್ತಿರ ಫೋಕಸ್ ಆಗಲ್ಲ. ಅಷ್ಟು ದೂರದಿಂದ ಮೀನು ಚುಕ್ಕಿಯಷ್ಟು. ಜೂಮ್ ಬಿಟ್ಟರೆ 5 ಸೆಂಟಿಮೀಟರಿಗೂ ಫೋಕಸ್ ಆಗುತ್ತೆ, ಆದರೆ ಅಷ್ಟು ಹತ್ತಿರ ಆ ಮೀನು ಯಾರನ್ನು ಬಿಟ್ಟುಕೊಳ್ಳುತ್ತೆ? ಜೂಮ್ ಮಾಡಿ ಪ್ಲಸ್ 10 ಲೆನ್ಸ್ ಹಾಕಿದರೆ ಸುಮಾರು 8ರಿಂದ 10 ಸೆಂಟಿಮೀಟರ್ ನಡುವೆ ಇರೋದಷ್ಟೇ ಸ್ಪಷ್ಟ. ಅದರಾಚೆ ಎಲ್ಲ ಮಂಜು. ಬಸವನಹುಳಕ್ಕೆ ಇದು ನಡೆಯುತ್ತೆ. ಕಾವಲುಗಾರ ಮೀನಿಗೆ ನಡೆಯಲ್ಲ. ಮೂರು ಡೈವ್ ಪೂರ್ತಿ ಖಾಲಿ ಬಿಲದ ಚಿತ್ರ ತೆಗೆದುಕೊಂಡು ಬಂದೆ.

ಹಾಗಾಗಿ ನಾನು ದುಡ್ಡು ಕೊಟ್ಟು ಕೊಂಡದ್ದು ದೂರವನ್ನು. ಹಳೇ ನಿಕಾನ್ ಡಿ7200, ಅದಕ್ಕೆ 105 ಎಂಎಂ ಮ್ಯಾಕ್ರೋ ಲೆನ್ಸ್. ಲೈಫ್ ಸೈಜ್, ಅಂದ್ರೆ ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ ಮೇಲೆ ಜೀವಿಯ ನಿಜ ಗಾತ್ರದಷ್ಟೇ ಬಿಂಬ ಬೇಕೆಂದರೆ, ಸೆನ್ಸರಿನಿಂದ 31 ಸೆಂಟಿಮೀಟರ್. ಆ ಮೀನಿನಂಥದ್ದಕ್ಕೆ ಇನ್ನೂ ಹಿಂದೆ ಸರಿದು ಮಲಗಬಹುದು, ಅಲ್ಲಿಂದ ಮುಂದಕ್ಕೂ ಫೋಕಸ್ ಸಿಗುತ್ತೆ, ಹಿಂದಕ್ಕೂ ಸಿಗುತ್ತೆ. ಗುಂಡಿ ಒತ್ತಿದ ಕ್ಷಣದಲ್ಲೇ ಶಟರ್ ಬೀಳುತ್ತೆ. ಮುಂದಿನ ವರ್ಷ ಅದೇ ಮರಳಿಗೆ ಹೋದೆ. ಒಂದೇ ಬಿಲದ ಮುಂದೆ ನಲವತ್ತು ನಿಮಿಷ. ಮೊದಲ ಕಾಲು ಗಂಟೆ ಒಂದೂ ಕ್ಲಿಕ್ ಮಾಡಲಿಲ್ಲ, ಮೀನು ನನಗೆ ಒಗ್ಗಿಕೊಳ್ಳಲಿ ಅಂತ. ಆಮೇಲೆ ಸಿಗಡಿ ಹೊರಬಂತು, ಮೀಸೆ ತಾಗಿಸಿತು. ಆ ಚಿತ್ರ ನೋಡಿದಾಗೆಲ್ಲ ಈಗಲೂ ಮೈ ಜುಮ್ಮೆನ್ನುತ್ತೆ.

ಕಳೆದುಕೊಂಡದ್ದೂ ಇದೆ, ಅದನ್ನೂ ಹೇಳಬೇಕು. ಎಫ್ ನಂಬರ್ ಅಂದ್ರೆ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯ ಅಳತೆ, ನಂಬರ್ ಹೆಚ್ಚಾದಷ್ಟೂ ಕಿಂಡಿ ಸಣ್ಣದು. ಕಾಂಪ್ಯಾಕ್ಟ್‌ನಲ್ಲಿ ಎಫ್8ಕ್ಕೆ ಸಿಗುತ್ತಿದ್ದ ಸ್ಪಷ್ಟತೆಯ ಆಳ ಇಲ್ಲಿ ಬೇಕೆಂದರೆ ಸುಮಾರು ಎಫ್16ಕ್ಕೆ ಹೋಗಬೇಕು, ಅಂದರೆ ನಾಲ್ಕು ಪಟ್ಟು ಬೆಳಕು. ಹಾಗಾಗಿ ಒಂದಿದ್ದ ಸ್ಟ್ರೋಬ್ ಎರಡಾಯಿತು. ಆರ್‌ಎಕ್ಸ್100ರಲ್ಲಿ ಫ್ಲ್ಯಾಶ್ ಜೊತೆಗೇ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದ ಶಟರ್ ಇಟ್ಟು, ಬಿಸಿಲ ಬೆಳಕು ಒಳಬರದಂತೆ ಮಾಡಿ, ನಡುಹಗಲಲ್ಲೂ ಹಿನ್ನೆಲೆಯನ್ನು ಕಡುಕಪ್ಪು ಮಾಡುತ್ತಿದ್ದೆ. ಡಿಎಸ್‌ಎಲ್‌ಆರ್‌ನಲ್ಲಿ ಫ್ಲ್ಯಾಶ್ ಜೊತೆ ಸಾಮಾನ್ಯವಾಗಿ ಸೆಕೆಂಡಿನ 250ರಲ್ಲಿ ಒಂದು ಭಾಗಕ್ಕೇ ನಿಲ್ಲಬೇಕು. ಬಂಡೆಯ ಸಂದಿಗೆ ಒಂದೇ ಕೈ ತೂರಿಸಿ ತೆಗೆಯುವ ಆಟ ಮುಗಿಯಿತು. ಮ್ಯಾಕ್ರೋ ಲೆನ್ಸ್ ಹಾಕಿ ಇಳಿದ ದಿನವೇ ತಲೆ ಮೇಲೆ ಆಮೆ ಈಜಿಕೊಂಡು ಹೋಗುತ್ತೆ, ಕಣ್ಣಲ್ಲೇ ನೋಡಿ ಕಳಿಸಬೇಕು. ನೀರೊಳಗೆ ಲೆನ್ಸ್ ಬದಲಿಸೋಕಾಗಲ್ಲ. ಇನ್ನು ಖರ್ಚು. ಹೌಸಿಂಗ್ ಕ್ಯಾಮೆರಾಗಿಂತ ದುಬಾರಿ, ಲೆನ್ಸಿಗೆ ತಕ್ಕ ಪೋರ್ಟ್ (ಹೌಸಿಂಗ್ ಮುಂದಿನ ಗಾಜಿನ ಕಿಟಕಿ) ಬೇರೆ. ವಿಮಾನದಲ್ಲಿ ಕೈಚೀಲಕ್ಕೆ 7 ಕಿಲೋ ಅಂತಾರೆ, ಇವಿಷ್ಟರಲ್ಲೇ ಅದು ಮುಗಿದುಹೋಗುತ್ತೆ.

ಇದೆಲ್ಲಕ್ಕಿಂತ ನನ್ನನ್ನು ಕಾಡೋದು ಬೇರೆ. ಹತ್ತು ಹನ್ನೆರಡು ಡೈವ್ ಆದವರ ಕೈಯಲ್ಲಿ ಎರಡು ಸ್ಟ್ರೋಬಿನ ದೊಡ್ಡ ಕ್ಯಾಮೆರಾ ನೋಡ್ತೀನಿ. ಎರಡೂ ಕೈ ಕ್ಯಾಮೆರಾ ಮೇಲೆ, ಕಣ್ಣು ವ್ಯೂಫೈಂಡರಿನಲ್ಲಿ, ಕಾಲಿನ ಫಿನ್ (ಈಜುರೆಕ್ಕೆ) ಹಿಂದೆ ಹವಳಕ್ಕೆ ಬಡಿಯುತ್ತಿರೋದು ಗೊತ್ತೇ ಆಗಲ್ಲ. ಬೆಳೆಯೋಕೆ ಎಷ್ಟೋ ವರ್ಷ ಬೇಕಾದ ಹವಳದ ಕೊಂಬೆ ಒಂದು ಒದೆತಕ್ಕೆ ಹೋಗುತ್ತೆ. ಉಸಿರಿನ ಹದದಲ್ಲೇ ಒಂದು ಗೇಣು ಮೇಲೆ, ಒಂದು ಗೇಣು ಕೆಳಗೆ ನಿಲ್ಲೋದು ಬರುವ ತನಕ ದಯವಿಟ್ಟು ದೊಡ್ಡ ಕ್ಯಾಮೆರಾ ಬೇಡ. ಚಿತ್ರ ಚೆನ್ನಾಗಿ ಬರಲಿ ಅಂತ ಕಡ್ಡಿಯಲ್ಲಿ ಪ್ರಾಣಿಯನ್ನು ತಿವಿದು ಜಾಗ ಬದಲಿಸುವ ಗೈಡ್‌ಗಳೂ ಇದ್ದಾರೆ. ನಾನು ಕೈ ಅಡ್ಡ ಹಿಡಿದು ಬೇಡ ಅಂತೀನಿ, ಆ ಚಿತ್ರ ನನಗೆ ಬೇಡ.

ಅದಕ್ಕೇ ಗೆಳೆಯನಿಗೆ ಹೇಳಿದ್ದು ಇಷ್ಟು: ಮೊದಲು ಒಳ್ಳೆ ಸ್ಟ್ರೋಬ್ ಎರಡು ತಗೋ. ಅವು ಇವತ್ತು ಕಾಂಪ್ಯಾಕ್ಟ್ ಜೊತೆ ಕೆಲಸ ಮಾಡ್ತವೆ, ನಾಳೆ ದೊಡ್ಡದರ ಜೊತೆಗೂ ಬರ್ತವೆ. ಆಮೇಲೆ ನಿನ್ನ ಹಾರ್ಡ್ ಡಿಸ್ಕ್ ತೆಗೆದು ನೋಡು. ಕೆಟ್ಟ ಚಿತ್ರಗಳು ಕೆಟ್ಟದ್ದು ಬೆಳಕಿನಿಂದಲಾ, ಅಲುಗಾಟದಿಂದಲಾ, ಇಲ್ಲಾ ಜೀವಿ ಓಡಿಹೋದದ್ದರಿಂದಲಾ? ಮೊದಲ ಎರಡಾದರೆ ಹೊಸ ಕ್ಯಾಮೆರಾದಲ್ಲೂ ಅದೇ ಕಥೆ. ಮೂರನೆಯದಾದರೆ ನನಗೆ ಫೋನ್ ಮಾಡು, ಯಾವ ಹೌಸಿಂಗ್, ಯಾವ ಪೋರ್ಟ್ ಅಂತ ಕೂತು ನೋಡೋಣ.

ನಿನ್ನೆ ರಾತ್ರಿ ಮೆಸೇಜ್ ಬಂತು, "ಮುಕ್ಕಾಲು ಪಾಲು ಬೆಳಕಿಂದೇ ತಪ್ಪು ಕಣೋ" ಅಂತ. ಅಲಮಾರದಲ್ಲಿರೋ ನನ್ನ ಹಳೇ ಸ್ಟ್ರೋಬಿಗೆ ಇವತ್ತು ಬ್ಯಾಟರಿ ಹಾಕಿ ನೋಡಿದೆ, ಉರೀತು. ಮುಂದಿನ ನೇತ್ರಾಣಿ ಟ್ರಿಪ್ಪಿಗೆ ಅದು ಅವನ ಕೈಲಿರುತ್ತೆ.