ಹೊಸ ತಂತ್ರಾಂಶಕ್ಕೆ ಪೂರ್ಣ ಅಪ್ಲಿಕೇಶನ್ ಸರ್ವರ್ ಬೇಕೇ?

ಜಾವಾದಲ್ಲಿ ಬರೆದ ತಂತ್ರಾಂಶವನ್ನು ಓಡಿಸಿ, ಅದಕ್ಕೆ ಬೇಕಾದ ಸೌಲಭ್ಯಗಳನ್ನೆಲ್ಲ ತಾನೇ ಒದಗಿಸುವ ದೊಡ್ಡ ವ್ಯವಸ್ಥೆಯೇ ಪೂರ್ಣ ಅಪ್ಲಿಕೇಶನ್ ಸರ್ವರ್. ಅದು ಬೇಕೇ, ಚಿಕ್ಕ ಸರ್ವರೊಂದನ್ನು ತಂತ್ರಾಂಶದೊಳಗೇ ಇಟ್ಟರೆ ಸಾಕೇ ಎಂಬುದು ಇಲ್ಲಿನ ಚರ್ಚೆ.

ಪರ: ಹಣ ಓಡಾಡುವ ಕಡೆ ಬೇಕೇ ಬೇಕು

ಗ್ರಾಹಕರೊಬ್ಬರು ಹಣ ವರ್ಗಾವಣೆಯ ಗುಂಡಿ ಒತ್ತುತ್ತಾರೆ. ತಂತ್ರಾಂಶವು ಡೇಟಾಬೇಸಿನಲ್ಲಿ ಅವರ ಖಾತೆಯಿಂದ ಮೊತ್ತವನ್ನು ಕಳೆಯುತ್ತದೆ. ಜೊತೆಗೇ ಪಾವತಿ ವ್ಯವಸ್ಥೆಗೆ ಹೋಗಬೇಕಾದ ಸಂದೇಶವನ್ನು ಕ್ಯೂನಲ್ಲಿ (ಸಂದೇಶಗಳ ಸರದಿಯಲ್ಲಿ) ಇಡುತ್ತದೆ. ಆದರೆ ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ನಡುವೆ ಯಂತ್ರ ನಿಂತುಹೋದರೆ ಗತಿಯೇನು?

ವೆಬ್‌ಲಾಜಿಕ್, ವೆಬ್‌ಸ್ಫಿಯರ್, ಜೆಬಾಸ್‌ನಂಥ ಪೂರ್ಣ ಸರ್ವರ್‌ಗಳಲ್ಲಿ ಇದಕ್ಕೆ ಉತ್ತರ ಸಿದ್ಧವಾಗಿದೆ. ಎಲ್ಲವೂ ಆಗಬೇಕು ಇಲ್ಲವೇ ಯಾವುದೂ ಆಗಬಾರದು ಎಂಬಂಥ ಕೆಲಸಗಳ ಕಟ್ಟಿಗೆ ಟ್ರಾನ್ಸಾಕ್ಷನ್ ಎನ್ನುತ್ತಾರೆ. ಈ ಸರ್ವರ್‌ಗಳ ಟ್ರಾನ್ಸಾಕ್ಷನ್ ಮ್ಯಾನೇಜರ್ ಮೊದಲು ಎರಡೂ ಕಡೆ ಸಿದ್ಧತೆಯನ್ನು ವಿಚಾರಿಸುತ್ತದೆ. ಎರಡೂ ಒಪ್ಪಿದ ಮೇಲೆ ತೀರ್ಮಾನವನ್ನು ಲಾಗ್‌ನಲ್ಲಿ ಬರೆದಿಟ್ಟು, ಆಮೇಲಷ್ಟೇ ಕಮಿಟ್ ಮಾಡಿಸುತ್ತದೆ, ಅಂದರೆ ಬದಲಾವಣೆಗಳನ್ನು ಕಾಯಂ ಮಾಡಿಸುತ್ತದೆ. ಸರ್ವರ್ ಬಿದ್ದು ಮತ್ತೆ ಎದ್ದಾಗ ಆ ಲಾಗ್ ಓದಿ, ಅರ್ಧಕ್ಕೆ ನಿಂತದ್ದನ್ನು ತಾನೇ ಮುಗಿಸುತ್ತದೆ. ಟಾಮ್‌ಕ್ಯಾಟ್ ಎಂಬ ಚಿಕ್ಕ ಸರ್ವರ್‌ನಲ್ಲಿ ಈ ಏರ್ಪಾಡು ಇಲ್ಲ. ಅಟಾಮಿಕೋಸ್, ನಾರಾಯಣದಂಥ ಲೈಬ್ರರಿಗಳನ್ನು ತಂದು ಸೇರಿಸಬಹುದು, ನಿಜ. ಆದರೆ ಲಾಗ್ ಯಾವ ಡಿಸ್ಕಿನಲ್ಲಿರಬೇಕು, ಒಂದು ಕಂಟೇನರ್ (ತಂತ್ರಾಂಶ ಓಡುವ ಪ್ರತ್ಯೇಕ ಪೆಟ್ಟಿಗೆ) ಹೋಗಿ ಇನ್ನೊಂದು ಬೇರೆ ಯಂತ್ರದಲ್ಲಿ ಶುರುವಾದಾಗ ಆ ಲಾಗ್ ಅದಕ್ಕೆ ಸಿಗುವುದು ಹೇಗೆ ಎಂಬುದೆಲ್ಲ ನಿಮ್ಮ ತಂಡದ ತಲೆಯ ಮೇಲೆ ಬೀಳುತ್ತದೆ. ಬಿಡುಗಡೆಯ ಗಡುವು ಹತ್ತಿರವಿರುವಾಗ ಇದಕ್ಕೆಂದು ಕೂತು ಯೋಚಿಸುವ ತಂಡಗಳು ಅಪರೂಪ.

ಆಯಸ್ಸಿನ ಮಾತೂ ಇದೆ. ಬ್ಯಾಂಕಿನ ತಂತ್ರಾಂಶ ಒಮ್ಮೆ ನೆಲೆಯೂರಿದರೆ ದಶಕಗಟ್ಟಲೆ ನಡೆಯುತ್ತದೆ. 2013ರಲ್ಲಿ ಬಂದ ವೆಬ್‌ಸ್ಫಿಯರ್ 8.5.5ಕ್ಕೆ ಕನಿಷ್ಠ 2030ರವರೆಗೆ ಬೆಂಬಲ ಕೊಡುವುದಾಗಿ ಐಬಿಎಂ ಹೇಳಿದೆ. ಚಿಕ್ಕ ಸರ್ವರನ್ನು ತಂತ್ರಾಂಶದೊಳಗೇ ಸೇರಿಸಿ ಕಟ್ಟುವ ಸ್ಪ್ರಿಂಗ್ ಬೂಟ್ ಎಂಬ ಚೌಕಟ್ಟನ್ನು ನೋಡಿ. ಅದರ 2.7 ಆವೃತ್ತಿ ಬಂದದ್ದು 2022ರ ಮೇನಲ್ಲಿ. ಅದರ ಉಚಿತ ಬೆಂಬಲ 2023ರ ನವೆಂಬರಿಗೇ ಮುಗಿಯಿತು. ಮುಂದಿನ ಮೂರನೇ ಆವೃತ್ತಿಗೆ ಜಾವಾ 17 ಬೇಕು, ಸರ್ವ್‌ಲೆಟ್, ಜೆಪಿಎ ಎಂಬ ಜಾವಾ ಸೌಲಭ್ಯಗಳ ಪ್ಯಾಕೇಜುಗಳ ಹೆಸರಿನಲ್ಲಿದ್ದ ಜಾವಾಎಕ್ಸ್ ಅನ್ನು ಜಕಾರ್ತ ಎಂದು ಬದಲಿಸಬೇಕು. ಹದಿನೆಂಟು ತಿಂಗಳಿಗೊಮ್ಮೆ ಇಂಥ ರಿಪೇರಿಗೆ ಯಾವ ಬ್ಯಾಂಕಿನ ಆಡಳಿತ ಮಂಡಳಿ ಹಣ ಮಂಜೂರು ಮಾಡುತ್ತದೆ?

ವಿರೋಧ: ಸರ್ವರ್ ತಂತ್ರಾಂಶದೊಳಗೇ ಇರಲಿ

ಪೂರ್ಣ ಸರ್ವರ್ ಇಟ್ಟುಕೊಂಡ ಕಡೆ ಕೆಲಸ ಮಾಡಿದವರಿಗೆಲ್ಲ ಪರಿಚಯವಿರುವ ಒಂದು ಸಂಗತಿಯಿಂದ ಶುರು ಮಾಡುತ್ತೇನೆ. ಡೆವಲಪರ್‌ನ ಲ್ಯಾಪ್‌ಟಾಪಿನಲ್ಲಿ ತಂತ್ರಾಂಶ ಚೆನ್ನಾಗಿ ಓಡುತ್ತದೆ. ಸರ್ವರ್ ಮೇಲೆ ಹಾಕಿದ ಕೂಡಲೇ 'ನೋ ಸಚ್ ಮೆಥಡ್ ಎರರ್' ಎಂದು ಬೀಳುತ್ತದೆ. ಕಾರಣವಿಷ್ಟೇ: ನೀವು ಕೊಟ್ಟ ಲೈಬ್ರರಿಯ ಹಳೆಯ ಪ್ರತಿಯೊಂದು ಸರ್ವರ್‌ನ ಹೊಟ್ಟೆಯೊಳಗೆ ಮೊದಲೇ ಇದೆ, ಕೋಡನ್ನು ಹುಡುಕಿ ತರುವ ಕ್ಲಾಸ್‌ಲೋಡರ್ ಅದನ್ನೇ ಮೊದಲು ಎತ್ತಿಕೊಳ್ಳುತ್ತದೆ. ವೆಬ್‌ಲಾಜಿಕ್ ಆದರೆ ಅದರ ಎಕ್ಸ್‌ಎಂಎಲ್ ಕಡತದಲ್ಲಿ, ವೆಬ್‌ಸ್ಫಿಯರ್ ಆದರೆ 'ಪೇರೆಂಟ್ ಲಾಸ್ಟ್' ಎಂಬ ಆಯ್ಕೆಯಲ್ಲಿ ಈ ಕ್ರಮವನ್ನು ತಿರುಗಿಸಬೇಕು. ಆಗ ಒಂದು ದೋಷ ಹೋಗಿ ಇನ್ನೊಂದು ತಲೆ ಎತ್ತುತ್ತದೆ. ಗ್ರಾಹಕರಿಗೆ ಎಳ್ಳಷ್ಟೂ ಉಪಯೋಗವಿಲ್ಲದ ಈ ಹೆಣಗಾಟದಲ್ಲಿ ಒಳ್ಳೆಯ ಎಂಜಿನಿಯರುಗಳ ವಾರಗಳು ಕಳೆದುಹೋಗುತ್ತವೆ. ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲಿ.

ಪೂರ್ಣ ಸರ್ವರ್‌ಗಳು ಪಾಲಿಸುವ ಜಾವಾ ಮಾನದಂಡವಾದ ಜೆ2ಇಇ (ಮುಂದೆ ಇದೇ ಜಾವಾ ಇಇ ಆಯಿತು) ಮೊದಲ ಬಾರಿಗೆ ಬಂದ 1999ರಲ್ಲಿ ಯಂತ್ರಗಳು ದುಬಾರಿಯಾಗಿದ್ದವು. ಒಂದೇ ಸರ್ವರ್ ಮೇಲೆ ಹತ್ತಾರು ತಂತ್ರಾಂಶಗಳನ್ನು ಕೂರಿಸುವುದರಲ್ಲಿ ಅರ್ಥವಿತ್ತು. ಇಂದು ಒಂದು ತಂತ್ರಾಂಶಕ್ಕೆ ಒಂದು ಕಂಟೇನರ್. ಬಿದ್ದರೆ ಎಬ್ಬಿಸುವುದು, ಹೊರೆ ಹೆಚ್ಚಾದರೆ ಪ್ರತಿಗಳನ್ನು ಹೆಚ್ಚಿಸುವುದು ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟಿಸ್ ಕೆಲಸ. ಅದರೊಳಗೆ ಇನ್ನೊಂದು ಕ್ಲಸ್ಟರ್ (ಸರ್ವರ್‌ಗಳ ಗುಂಪು), ಇನ್ನೊಂದು ಆಡಳಿತ ಕನ್ಸೋಲ್ ಏಕೆ ಬೇಕು? ಆ ಕನ್ಸೋಲ್ ಕೂಡ ಅಪಾಯದ ಬಾಗಿಲೇ. 2020ರ ಅಕ್ಟೋಬರಿನಲ್ಲಿ ಬಯಲಾದ ವೆಬ್‌ಲಾಜಿಕ್ ಕನ್ಸೋಲ್ ಲೋಪದಿಂದ ಪಾಸ್‌ವರ್ಡ್ ಇಲ್ಲದೆಯೇ ಇಡೀ ಸರ್ವರ್ ವಶಪಡಿಸಿಕೊಳ್ಳಬಹುದಿತ್ತು.

ಇನ್ನು ಟ್ರಾನ್ಸಾಕ್ಷನ್ ವಿಚಾರ. ಪರವಾದಿಗಳ ಗಟ್ಟಿ ವಾದ ಇದೇ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಆದರೆ ಲಾಗ್ ಓದಿ ಮುಗಿಸಬೇಕಾದ ಸರ್ವರ್ ಏಳಲೇ ಇಲ್ಲವೆಂದರೆ, 'ಸಿದ್ಧ' ಎಂದ ಡೇಟಾಬೇಸ್ ಆ ಸಾಲುಗಳಿಗೆ ಬೀಗ ಹಾಕಿಕೊಂಡು ಕಾಯುತ್ತಲೇ ಇರುತ್ತದೆ. ಕೊನೆಗೆ ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ಒಬ್ಬರು ಬಾಕಿ ಪಟ್ಟಿ ತೆರೆದು, ಕಮಿಟ್ ಮಾಡಲೋ ರದ್ದು ಮಾಡಲೋ ಎಂದು ಕೈಯಾರೆ ನಿರ್ಧರಿಸಬೇಕು. ಅಲ್ಲದೆ ಕಾಫ್ಕಾದಂಥ ಸಂದೇಶ ವ್ಯವಸ್ಥೆಗಳಾಗಲಿ, ಹೊರಗಿನ ಸೇವೆಗಳಿಗೆ ಹೋಗುವ ಸಾಮಾನ್ಯ ಎಚ್‌ಟಿಟಿಪಿ ಕರೆಗಳಾಗಲಿ ಎಕ್ಸ್‌ಎ ಎಂಬ ಈ ಎರಡು ಹಂತದ ಒಪ್ಪಂದದೊಳಗೆ ಬರುವುದಿಲ್ಲ.

ಇದಕ್ಕಿಂತ ಸರಳವಾದ ದಾರಿಯಿದೆ. ಖಾತೆಯಿಂದ ಹಣ ಕಳೆಯುವ ಅದೇ ಡೇಟಾಬೇಸ್ ಟ್ರಾನ್ಸಾಕ್ಷನ್‌ನಲ್ಲಿ ಕಳಿಸಬೇಕಾದ ಸಂದೇಶವನ್ನೂ 'ಔಟ್‌ಬಾಕ್ಸ್' ಎಂಬ ಕೋಷ್ಟಕಕ್ಕೆ ಬರೆಯಿರಿ. ಇನ್ನೊಂದು ಪ್ರೋಗ್ರಾಂ ಆ ಕೋಷ್ಟಕವನ್ನು ಓದಿ ರವಾನಿಸಲಿ. ಅದೇ ಸಂದೇಶ ಎರಡು ಸಲ ಹೋದರೂ, ಪಡೆಯುವವರು ಅದರ ಗುರುತಿನ ಸಂಖ್ಯೆ ನೋಡಿ ಎರಡನೆಯದನ್ನು ಬಿಡಲಿ. ಒಂದೇ ಡೇಟಾಬೇಸ್, ಒಂದೇ ಕಮಿಟ್. ಏನಾಗಿದೆ, ಏನು ಬಾಕಿಯಿದೆ ಎಂಬುದು ಡೇಟಾಬೇಸಿಗೆ ಒಂದು ಸೆಲೆಕ್ಟ್ ಪ್ರಶ್ನೆ ಹಾಕಿದರೆ ಕಣ್ಣೆದುರಿಗೆ ಬರುತ್ತದೆ.

ಆಯಸ್ಸಿನ ವಾದಕ್ಕೆ ಬಂದರೆ, ಜಕಾರ್ತ ಹೆಸರಿನ ಬದಲಾವಣೆ ಸ್ಪ್ರಿಂಗ್ ತಂದದ್ದಲ್ಲ. ಒರಾಕಲ್ 2017ರಲ್ಲಿ ಜಾವಾ ಇಇಯನ್ನು ಎಕ್ಲಿಪ್ಸ್ ಫೌಂಡೇಶನ್ ಎಂಬ ಮುಕ್ತ ತಂತ್ರಾಂಶ ಸಂಸ್ಥೆಗೆ ಒಪ್ಪಿಸಿ, ಜಾವಾ ಹೆಸರಿನ ಹಕ್ಕನ್ನು ತನ್ನಲ್ಲೇ ಉಳಿಸಿಕೊಂಡದ್ದರಿಂದ ಬಂದದ್ದು. ಪೂರ್ಣ ಸರ್ವರ್ ಹಿಡಿದವರೂ ಆ ಹೊಳೆ ದಾಟಲೇಬೇಕು. ಅದೇ ಕಂಪನಿ 2013ರಲ್ಲಿ ತನ್ನದೇ ಪೂರ್ಣ ಸರ್ವರ್ ಆದ ಗ್ಲಾಸ್‌ಫಿಶ್‌ನ ವಾಣಿಜ್ಯ ಬೆಂಬಲ ನಿಲ್ಲಿಸುವುದಾಗಿ ಘೋಷಿಸಿದ್ದನ್ನೂ ಮರೆಯಬಾರದು.

ಬೆಲೆಯನ್ನೂ ನೋಡಿ. ವೆಬ್‌ಲಾಜಿಕ್ ಎಂಟರ್‌ಪ್ರೈಸ್‌ಗೆ ಪ್ರೊಸೆಸರ್ ಒಂದಕ್ಕೆ 25,000 ಡಾಲರ್ ಪಟ್ಟಿ ಬೆಲೆ. ಇಂಟೆಲ್ ಯಂತ್ರದಲ್ಲಿ ಎರಡು ಕೋರ್‌ಗೆ ಒಂದು ಲೈಸೆನ್ಸ್ ಎಂದು ಲೆಕ್ಕ ಹಾಕಿದರೆ 16 ಕೋರ್‌ಗಳಿಗೆ 2 ಲಕ್ಷ ಡಾಲರ್, ಅದರ ಮೇಲೆ ಬೆಂಬಲಕ್ಕೆ ಪ್ರತಿ ವರ್ಷ ಶೇ. 22. ಮಾತುಕತೆಯಲ್ಲಿ ರಿಯಾಯಿತಿ ಸಿಗಬಹುದು. ಆದರೂ ಆ ಹಣದ ಒಂದು ಪಾಲಿನಲ್ಲಿ ಆವೃತ್ತಿ ಬದಲಾವಣೆಗೆಂದೇ ಇಬ್ಬರು ಎಂಜಿನಿಯರುಗಳನ್ನು ಕಾಯಂ ಇಟ್ಟುಕೊಳ್ಳಬಹುದು. ಪೂರ್ಣ ಸರ್ವರ್‌ನೊಳಗೆ ಓಡುವ ಇಜೆಬಿ ಎಂಬ ಘಟಕಗಳ ಮೇಲೆ ನಿಂತು ಸರಿಯಾಗಿ ಓಡುತ್ತಿರುವ ಹಳೆಯ ವ್ಯವಸ್ಥೆಯನ್ನು ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ; ಹೊಸದಾಗಿ ಕಟ್ಟುವವರು ಆ ಸಾಲಕ್ಕೆ ಸಹಿ ಹಾಕುವುದು ಬೇಡ.