ಆರದ ಗಾಯ, ಅಳೆಯುವ ಗಂಡ

ಇಂದು ಬೆಳಿಗ್ಗೆ ನಮ್ಮ ಯಜಮಾನರು ನನ್ನ ಹೊಟ್ಟೆಯ ಮೇಲೆ ಸ್ಕೇಲು ಇಟ್ಟು, ಮೊಬೈಲಿನ ಟಾರ್ಚ್ ಬಿಟ್ಟು, ಕನ್ನಡಕವನ್ನು ಹಣೆಗೇರಿಸಿ ಬಹಳ ಹೊತ್ತು ನೋಡಿದ ಮೇಲೆ "ಏಳು" ಎಂದರು. ಇವತ್ತಿನ ಪರೀಕ್ಷೆ ಮುಗಿಯಿತೆಂದುಕೊಂಡು ನಾನು ಏಳಹೊರಟೆ. "ಮಲಗೇ, ಏಳು ಮಿಲಿಮೀಟರ್ ಅಂದೆ. ನಿನ್ನೆ ಆರಿತ್ತು" ಎಂದು ಗದರಿದರು. ನಿನ್ನೆಯೇ ಆರಿದ್ದರೆ ಇಂದು ಈ ಸ್ಕೇಲಿನ ಕಾಟವಾದರೂ ಏಕಿರುತ್ತಿತ್ತು?

ಎರಡು ಹೆರಿಗೆಯ ನಂತರ ಖಾಲಿ ಚೀಲದಂತೆ ಜೋತುಬಿದ್ದಿದ್ದ ಹೊಟ್ಟೆಯ ಚರ್ಮವನ್ನು ನಾನು ಆಸೆಪಟ್ಟು ತೆಗೆಸಿಕೊಂಡವಳು. ಆದ್ದರಿಂದ ಯಾರನ್ನೂ ದೂರುವ ಹಕ್ಕು ನನಗಿಲ್ಲ. "ಆರು ವಾರದಲ್ಲಿ ಆರುತ್ತದೆ" ಎಂದು ಡಾಕ್ಟರು ಹೇಳಿದ್ದರು. ಈಗ ಒಂಬತ್ತನೆಯ ವಾರ. ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗಿನ ಹೊಲಿಗೆಯೆಲ್ಲ ಗೆರೆ ಎಳೆದಂತೆ ಕೂಡಿಕೊಂಡಿದೆ. ಸರಿಯಾಗಿ ನಡುಮಧ್ಯದಲ್ಲಿ ಮಾತ್ರ ಮೂರನೆಯ ವಾರ ಬಾಯಿ ಬಿಟ್ಟದ್ದು ಇನ್ನೂ ಮುಚ್ಚಿಲ್ಲ. ಮೇಲಿನಿಂದಲೂ ಕೆಳಗಿನಿಂದಲೂ ಎಳೆದು ಕೂಡಿಸಿದ ಚರ್ಮದ ಬಿಗಿತವೆಲ್ಲ ಬೀಳುವುದು ಅಲ್ಲಿಯೇ, ರಕ್ತ ಕೊನೆಯದಾಗಿ ತಲುಪುವುದೂ ಅಲ್ಲಿಗೇ ಎಂದು ಡಾಕ್ಟರು ವಿವರಿಸಿದರು. ಇನ್ನೆರಡು ಹೊಲಿಗೆ ಹಾಕಿಬಿಡಿ ಎಂದು ಬೇಡಿಕೊಂಡರೆ, ಮೇಲೆ ಮುಚ್ಚಿಬಿಟ್ಟು ಒಳಗೆ ಸೋಂಕು ಉಳಿದರೆ ಕಷ್ಟ, ತಳದಿಂದ ತಾನೇ ತುಂಬಿಕೊಂಡು ಬರಲಿ ಎಂದರು. ಅದು ಬರುತ್ತಿದೆ, ಸರ್ಕಾರಿ ಕಡತ ಬರುವ ಹಾಗೆ.

ಮೊದಲ ವಾರಗಳಲ್ಲಿ ಹೊಲಿಗೆ ಎಳೆಯದಿರಲೆಂದು ಬಗ್ಗಿಯೇ ನಡೆಯಬೇಕಿತ್ತು. ಪಕ್ಕದ ಮನೆಯವರು ನೋಡಿ, ಓಲೆ ಬಿದ್ದುಹೋಯಿತೇ ಎಂದು ಕೇಳಿ ತಾವೂ ಬಗ್ಗಿ ಹುಡುಕತೊಡಗಿದರು. ನಿಜ ಹೇಳಲಾರದೆ ನಾನೂ ಅವರ ಜೊತೆ ಹತ್ತು ನಿಮಿಷ ಹುಡುಕಿದೆ.

ಇದೆಲ್ಲವನ್ನೂ ಸಹಿಸಬಹುದು, ಸಹಿಸಲಾಗದ್ದು ಯಜಮಾನರ ದಾಖಲೆ. ಗಾಯ ಬಾಯಿ ಬಿಟ್ಟ ದಿನವೇ ಅವರು ಮಗನ ಜ್ಯಾಮಿಟ್ರಿ ಬಾಕ್ಸಿನಿಂದ ಪ್ಲಾಸ್ಟಿಕ್ ಸ್ಕೇಲನ್ನು ವಶಪಡಿಸಿಕೊಂಡು, ಸ್ಪಿರಿಟ್ಟಿನಲ್ಲಿ ಒರೆಸಿ, ಗೆರೆ ಹಾಕಿದ ನೋಟ್‌ಪುಸ್ತಕವೊಂದನ್ನು ತೆರೆದರು. ತಾರೀಖು, ಉದ್ದ, ಬಣ್ಣ, "ರೋಗಿಯ ಮನಃಸ್ಥಿತಿ" ಎಂದು ನಾಲ್ಕು ಕಲಮುಗಳು. ನಾಲ್ಕನೆಯದರಲ್ಲಿ ದಿನವೂ "ಸಿಡಿಮಿಡಿ" ಎಂದಿರುತ್ತದೆ. ಇತ್ತೀಚೆಗೆ ಅದನ್ನೂ ಬರೆಯದೆ ಮೇಲಿನಂತೆಯೇ ಎಂದು ಎರಡು ಚುಕ್ಕೆ ಹಾಕುತ್ತಿದ್ದಾರೆ. ಒಂದು ರಾತ್ರಿ ಗಾಯದ ತಳದಲ್ಲಿ ಹಳದಿ ಪೊರೆ ಕಂಡು, ಕೀವಾಯಿತೆಂದು ಹೆದರಿ ಹನ್ನೊಂದು ಗಂಟೆಗೆ ಡಾಕ್ಟರಿಗೆ ಫೋಟೋ ಕಳುಹಿಸಿದರು. ಜ್ವರವಿಲ್ಲ, ನಾತವಿಲ್ಲ, ಸುತ್ತ ಕೆಂಪು ಹರಡಿಲ್ಲ; ಅದು ಸತ್ತ ಅಂಗಾಂಶದ ಪೊರೆ, ಮಲಗಿಕೊಳ್ಳಿ ಎಂದು ಉತ್ತರ ಬಂತು. ಮರುದಿನ ಅತ್ತೆಯವರು, ಪಟ್ಟಿ ಬಿಚ್ಚಿ ಗಾಳಿಗೆ ಬಿಟ್ಟರೆ ತಾನೇ ಒಣಗುತ್ತದೆ ಎಂದಾಗ ಯಜಮಾನರು ಓದಿ ತಿಳಿದದ್ದನ್ನೆಲ್ಲ ಹೊರತೆಗೆದರು: 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಪ್ರಯೋಗ ಮಾಡಿ, ಹಸಿಯಾಗಿ ಮುಚ್ಚಿಟ್ಟ ಗಾಯದ ಮೇಲೆ, ಒಣಗಲು ಬಿಟ್ಟ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ ಹೊಸ ಚರ್ಮ ಹಬ್ಬುತ್ತದೆಂದು ತೋರಿಸಿದನಂತೆ. "ಹಂದಿಯ ಚರ್ಮಕ್ಕೂ ಮನುಷ್ಯರ ಚರ್ಮಕ್ಕೂ ಬಹಳ ಹೋಲಿಕೆಯಿದೆಯಮ್ಮಾ" ಎನ್ನುತ್ತ ಅವರು ನನ್ನ ಹೊಟ್ಟೆಯ ಕಡೆ ಕೈ ತೋರಿಸಿದ ಕ್ಷಣವನ್ನು ನಾನು ಮರೆಯುವುದಿಲ್ಲ. ನಗಲು ಹೋದರೆ ಗಾಯ ಎಳೆಯುತ್ತದೆ. ಬೈಯಲು ಹೋದರೂ ಎಳೆಯುತ್ತದೆ.

ನಿನ್ನೆ ಸ್ನಾನದ ಮನೆಯ ಕನ್ನಡಿಯೆದುರು ನಿಂತಿದ್ದಾಗ ಹೊಕ್ಕುಳ ಕೆಳಗಿನ ಬೆಳ್ಳಿಗೆರೆಗಳು ಇಲ್ಲವೆಂಬುದು ಹೊಳೆಯಿತು. ಎಡಗಡೆಯ ಗೆರೆಗಳು ಮಗಳು ಹುಟ್ಟುವಾಗ ಮೂಡಿದವು, ಉಳಿದವು ಮಗನ ಪಾಲು. ಹನ್ನೆರಡು ವರ್ಷ ಅವನ್ನು ಕಂಡು ಮುಖ ಸಿಂಡರಿಸಿದವಳು, ಕತ್ತರಿಸಿ ತೆಗೆದ ಚರ್ಮದ ಜೊತೆ ಅವೂ ಹೊರಟುಹೋಗುತ್ತವೆಂದು ಯೋಚಿಸಿಯೇ ಇರಲಿಲ್ಲ. ಸ್ವಲ್ಪ ಹೊತ್ತು ಆ ಜಾಗವನ್ನು ಬೆರಳಿನಿಂದ ಸವರಿದೆ. ಇನ್ನೂ ಮರಗಟ್ಟಿದ ಚರ್ಮ. ಮುಟ್ಟಿದ್ದು ನನ್ನ ಬೆರಳಿಗೆ ಗೊತ್ತಾಯಿತು, ಹೊಟ್ಟೆಗೆ ಗೊತ್ತಾಗಲಿಲ್ಲ.

ಇರಲಿ. ಈ ಬೆಳಗಿನ ಏಳರ ಗುಟ್ಟು ತಿಂಡಿಯ ಹೊತ್ತಿಗೆ ಬಯಲಾಯಿತು. ರಾತ್ರಿ ಗಣಿತದ ಲೆಕ್ಕ ಬಾರದೆ ನಮ್ಮ ಮಗರಾಯ ಸ್ಕೇಲಿನ ತುದಿಯನ್ನು ಕಚ್ಚಿ ಕಚ್ಚಿ ಒಂದು ಮಿಲಿಮೀಟರಿನಷ್ಟು ಮುಗಿಸಿದ್ದ. ಸೊನ್ನೆಯ ಗೆರೆಯೇ ಅವನ ಹೊಟ್ಟೆ ಸೇರಿತ್ತು. ಯಜಮಾನರು ಹಲ್ಲಿನ ಗುರುತುಗಳನ್ನು ಬೆಳಕಿಗೆ ಹಿಡಿದು ಪರಿಶೀಲಿಸಿ, ಮಗನಿಗೆ ಒಂದು ಮಾತೂ ಅನ್ನದೆ, ನೋಟ್‌ಪುಸ್ತಕ ತೆರೆದು ಏಳನ್ನು ಹೊಡೆದುಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಿಂದ ದೊಡ್ಡದಾಗಿ ಬರೆದರು: "ಆರು."