ಮೂರು ಟ್ಯಾಬ್, ಒಂದು ಎಂಟರ್

ಬಸವನಗುಡಿಯಲ್ಲಿ ನನ್ನ ಸೋದರಮಾವನದ್ದು ಒಂದು ದಿನಸಿ ಅಂಗಡಿ ಇದೆ. "ಸಾಫ್ಟ್‌ವೇರ್‌ನಲ್ಲಿದ್ದೀಯ, ನಮಗೊಂದು ಬಿಲ್ಲಿಂಗ್ ಪ್ರೋಗ್ರಾಂ ಮಾಡ್ಕೊಡೋಕಾಗಲ್ವೇನೋ?" ಅಂತ ಮಾವ ಪ್ರತಿ ಹಬ್ಬಕ್ಕೂ ಕೇಳುತ್ತಿದ್ದರು, ಅದೂ ಸರಿಯಾಗಿ ಒಬ್ಬಟ್ಟು ಬಡಿಸುವ ಹೊತ್ತಿಗೆ. ಬಾಯಲ್ಲಿ ಒಬ್ಬಟ್ಟು ಇಟ್ಕೊಂಡು ಇಲ್ಲ ಅನ್ನೋಕಾಗುತ್ತಾ? ಒಂದು ಯುಗಾದಿಗೆ ಒಪ್ಪಿಕೊಂಡುಬಿಟ್ಟೆ.

ವಿಂಡೋಸ್ ಫಾರ್ಮ್ಸ್‌ನಲ್ಲಿ (ಪ್ರೋಗ್ರಾಮಿನ ಕಿಟಕಿಗಳನ್ನು ಕಟ್ಟುವ ಮೈಕ್ರೋಸಾಫ್ಟ್ ಸಾಧನ) ಇದೆಲ್ಲ ಎರಡು ಶನಿವಾರದ ಕೆಲಸ ಅಂತ ನನ್ನ ಲೆಕ್ಕ. ಟೂಲ್‌ಬಾಕ್ಸಿಂದ ಬಟನ್ ಎಳೆದು ಫಾರ್ಮ್ ಮೇಲೆ, ಅಂದರೆ ಪ್ರೋಗ್ರಾಮಿನ ಖಾಲಿ ಕಿಟಕಿ ಮೇಲೆ, ಬಿಟ್ಟರೆ 75ಕ್ಕೆ 23 ಪಿಕ್ಸೆಲ್ಲಿನ ಒಂದು ಪುಟ್ಟ ಬಟನ್ ಬಂದು ಕೂರುತ್ತದೆ. ಹಾಗೆ ಒಂದೊಂದನ್ನೇ ಎಳೆದು ತಂದು, ದಸರಾ ಗೊಂಬೆ ಜೋಡಿಸುವ ಹಾಗೆ ಚೂರು ಆಚೆ ಚೂರು ಈಚೆ ಸರಿಸಿ, ಲೇಬಲ್‌ಗಳನ್ನೆಲ್ಲ ಒಂದೇ ಸಾಲಿಗೆ ತಂದು, ಎದ್ದು ಹಿಂದೆ ನಿಂತು ತಲೆ ಓರೆ ಮಾಡಿ ನೋಡಿ ಖುಷಿಪಟ್ಟೆ. 1000ಕ್ಕೆ 700ರ ಫಾರ್ಮು. 'ಬಿಲ್ ಪ್ರಿಂಟ್' ಬಟನ್ ಕೆಳಗೆ ಬಲಗಡೆ, ಮೇಲಿಂದ 650ನೇ ಪಿಕ್ಸೆಲ್ಲಿಗೆ. ನನ್ನ 1920ಕ್ಕೆ 1080ರ ಪರದೆಯಲ್ಲಿ ರಂಗೋಲಿ ಥರ ಕಾಣುತ್ತಿತ್ತು.

ಒಂದು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟೆ. ಅವರ ಮಗನೇ ಅಂಗಡಿ ಕಂಪ್ಯೂಟರಿಗೆ ಹಾಕಿಕೊಂಡ. ಎರಡು ವಾರ ಒಂದು ಫೋನೂ ಇಲ್ಲ. ದೂರು ಬಂದಿಲ್ಲ ಅಂದರೆ ಯಾರೂ ಬಳಸುತ್ತಿಲ್ಲ ಅಂತ ಅರ್ಥ ಅನ್ನುವುದು ನನಗೆ ಆಫೀಸಿನಲ್ಲಿ ಚೆನ್ನಾಗಿ ಗೊತ್ತು. ಮನೆ ವಿಷಯದಲ್ಲಿ ಮಾತ್ರ ಮರೆತುಹೋಗುತ್ತದೆ.

ಆದರೆ ಬಳಸುತ್ತಿದ್ದರು! ಒಂದು ಸಂಜೆ ತೊಗರಿಬೇಳೆಗೆ ಅಂತ ಹೋದಾಗ ನೋಡಿದೆ. ಬಿಲ್ ಹಾಕುವ ಹುಡುಗ ಸಾಮಾನೆಲ್ಲ ಹೊಡೆದ, ಪರದೆ ಕಡೆ ನೋಡದೇ ಟ್ಯಾಬ್ ಕೀ ಮೇಲೆ ಬೆರಳಿಟ್ಟು "ಒಂದು, ಎರಡು, ಮೂರು" ಅಂತ ತುಟಿಯಲ್ಲೇ ಎಣಿಸಿ ಎಂಟರ್ ಒತ್ತಿದ. ಪ್ರಿಂಟರ್ ಕರಕರ ಅಂತು.

"ಪ್ರಿಂಟ್ ಬಟನ್ ಇದೆಯಲ್ಲಪ್ಪ?" ಅಂದೆ.

"ಎಲ್ಲಿದೆ ಅಣ್ಣ?" ಅಂದ.

ನಿಜವಾಗಿಯೂ ಇರಲಿಲ್ಲ. ಆಗಿದ್ದು ಇಷ್ಟು. ಅಂಗಡಿಯ ಪರದೆ 1366ಕ್ಕೆ 768. ಅಕ್ಷರ ಕಾಣಲ್ಲ ಅಂತ ಮಾವ ಮಗನ ಕೈಲಿ ಸ್ಕೇಲಿಂಗ್ (ಪರದೆ ಮೇಲಿನದ್ದನ್ನೆಲ್ಲ ಹಿಗ್ಗಿಸುವ ಸೆಟ್ಟಿಂಗ್) 125 ಪರ್ಸೆಂಟ್ ಮಾಡಿಸಿದ್ದರು. ಅಂದರೆ ಇಂಚಿಗೆ 96 ಚುಕ್ಕೆ ಅಂತ ಇದ್ದ ಲೆಕ್ಕ 120 ಆಯಿತು, ಅದರ ಜೊತೆ ನನ್ನ ಫಾರ್ಮೂ ಊದಿಕೊಂಡಿತು. 650ರಲ್ಲಿ ಕೂತಿದ್ದ ಬಟನ್ ಹೋಗಿ ಕೂತಿದ್ದು 800ರ ಆಸುಪಾಸಿನಲ್ಲಿ, ಪರದೆ ಮುಗಿಯುವುದು 768ಕ್ಕೆ. ಪಾಪ, ಬಟನ್ ಅಲ್ಲೇ ಇತ್ತು, ಮೇಜಿನೊಳಗೆ ಎಲ್ಲೋ! ಟ್ಯಾಬ್ ಒತ್ತಿದಂತೆ ಆಯ್ಕೆ ಒಂದೊಂದೇ ಡಬ್ಬಿ, ಬಟನ್ ದಾಟಿಕೊಂಡು ಹೋಗುತ್ತದೆ, ಕಣ್ಣಿಗೆ ಕಾಣದಿದ್ದರೂ ಇದರ ಸರದಿ ಬಂದೇ ಬರುತ್ತದೆ. ಅದನ್ನು ಆ ಹುಡುಗ ಒಬ್ಬನೇ ಕಂಡುಹಿಡಿದಿದ್ದ.

ಅಷ್ಟರಲ್ಲಿ ಮಾವ ಕನ್ನಡಕ ಏರಿಸಿಕೊಂಡು ಬಂದರು. "ಇದೇನೋ ಇದು, ಓದು ನೋಡೋಣ." ಓದಿದೆ. 'ಒಟು ಮೊತ'. ಪಕ್ಕದಲ್ಲಿ 'ಬೆಲ', 'ಎಣೆ', 'ಬೆಳುಳಿ'. "ಒಂದನೇ ಕ್ಲಾಸಲ್ಲಿ ನಿಂಗೆ ಒತ್ತಕ್ಷರ ತಿದ್ದಿಸಿದ್ದು ನಾನೇ ಕಣೋ" ಅಂದರು, ಗಿರಾಕಿಗಳ ಎದುರಿಗೇ. ಇದು ಪೂರಾ ನನ್ನದೇ ತಪ್ಪು. ಲೇಬಲ್ ತನ್ನ ಅಕ್ಷರಕ್ಕೆ ತಕ್ಕ ಹಾಗೆ ತಾನೇ ಹಿಗ್ಗಲಿ ಅಂತ ಆಟೋಸೈಜ್ ಅನ್ನುವ ಸೌಲಭ್ಯ ಇದೆ. ಸಾಲು ಅಂದವಾಗಿ ಕಾಣಲಿ ಅಂತ ನಾನು ಅದನ್ನು ತೆಗೆದು ಎಲ್ಲಕ್ಕೂ 13 ಪಿಕ್ಸೆಲ್ ಎತ್ತರ ಕೊಟ್ಟಿದ್ದೆ. ಇಂಗ್ಲಿಷಿನ 'ಟೋಟಲ್'ಗೆ ಅದು ಸಾಕು. ಕನ್ನಡಕ್ಕೆ ಕೆಳಗೊಂದು ನೆಲಮಾಳಿಗೆ ಬೇಕು, ಒತ್ತುಗಳ ಸಂಸಾರ ಅಲ್ಲೇ ನಡೆಯುವುದು ಅಲ್ವಾ. ನಾನು ಆ ನೆಲಮಾಳಿಗೆಯನ್ನೇ ಕಡಿದು ಹಾಕಿದ್ದೆ.

ಸರಿ ಅಂತ ಫಾರ್ಮು ಚಿಕ್ಕದು ಮಾಡಿ, ಬೇಕಾದರೆ ದೊಡ್ಡದು ಮಾಡಿಕೊಳ್ಳಲಿ ಅಂತ ಬಿಟ್ಟೆ. ದೊಡ್ಡದು ಮಾಡಿದ ಕೂಡಲೇ ಬಟನ್, ಲೇಬಲ್, ಡಬ್ಬಿ ಅಂತ ಎಲ್ಲ ಕಂಟ್ರೋಲುಗಳೂ ಮೇಲೆ ಎಡಗಡೆ ಮೂಲೆಯಲ್ಲಿ ಗುಂಪುಗಟ್ಟಿ ನಿಂತವು. ಹಿಂದೆ ಅಷ್ಟೊಂದು ಜಾಗ ಖಾಲಿ ಇದ್ದರೂ ಬಿಎಂಟಿಸಿ ಬಸ್ಸಿನಲ್ಲಿ ಜನ ಬಾಗಿಲ ಹತ್ತಿರವೇ ನಿಲ್ಲುತ್ತಾರಲ್ಲ, ಹಾಗೆ. ಸುಮ್ನೆ ಬಿಟ್ಟರೆ ಆ್ಯಂಕರ್ (ಕಂಟ್ರೋಲನ್ನು ಫಾರ್ಮಿನ ಅಂಚಿಗೆ ಕಟ್ಟುವ ಹಗ್ಗ) ಇರುವುದೇ ಮೇಲೆ ಮತ್ತು ಎಡಕ್ಕೆ. ಬಲಕ್ಕೂ ಕಟ್ಟಿದರೆ ಎರಡು ಕಂಬಿಗೂ ಕೈಚಾಚಿ ನಿಂತವನ ಹಾಗೆ ಕಂಟ್ರೋಲು ಉದ್ದಕ್ಕೆ ಎಳೆದುಕೊಳ್ಳುತ್ತದೆ. ಉತ್ಸಾಹದಲ್ಲಿ ಎಲ್ಲಕ್ಕೂ ಎರಡು ಕಡೆ ಕಟ್ಟಿದೆ. 560004 ಅನ್ನುವ ಆರಂಕಿ ಪಿನ್‌ಕೋಡಿಗೆ ಮೂರು ಮೊಳದ ಡಬ್ಬಿ ಬಂತು. ಅಕ್ಕಪಕ್ಕ ಇದ್ದ 'ತೂಕ' ಮತ್ತು 'ದರ' ಎರಡೂ ಹಿಗ್ಗಿ ಒಂದರ ಮೇಲೊಂದು ಹತ್ತಿದವು. 30-40 ಸೈಟಿನಲ್ಲಿ ಪಕ್ಕದ ಮನೆಯ ಬಾಲ್ಕನಿ ನಮ್ಮ ಕಿಟಕಿಯೊಳಗೆ ಬರುವುದು ನನಗೇನು ಹೊಸದಲ್ಲ. ಆದರೆ ಇದರ ಪ್ಲ್ಯಾನು ನಂದೇ.

ಕೊನೆಗೆ ಎಲ್ಲ ಕಿತ್ತು ಟೇಬಲ್ ಲೇಔಟ್ ಪ್ಯಾನೆಲ್ ಅನ್ನುವ ಸಾಲು-ಕಾಲಮ್ಮುಗಳ ಚೌಕಟ್ಟಿನಲ್ಲಿ ಮತ್ತೆ ಕೂರಿಸಿದೆ. 2005ರ ಡಾಟ್‌ನೆಟ್ 2.0 (ವಿಂಡೋಸ್ ಫಾರ್ಮ್ಸ್ ನಿಂತಿರುವ ತಳಹದಿ) ಆವೃತ್ತಿಯಿಂದಲೇ ಇರುವ ಸಾಮಾನು. ಕಾಲಮ್ಮುಗಳಿಗೆ ಪರ್ಸೆಂಟ್ ಲೆಕ್ಕ, ಸಾಲುಗಳು ಅಕ್ಷರಕ್ಕೆ ತಕ್ಕ ಎತ್ತರ. ಮೊದಲೇ ಮಾಡಬಹುದಿತ್ತು, ಗೊಂಬೆ ಜೋಡಿಸುವ ಖುಷಿ ಬಿಡಲಿಲ್ಲ. ಈಗ ಪ್ರಿಂಟ್ ಬಟನ್ ಕಾಣುತ್ತದೆ, ಬೆಳ್ಳುಳ್ಳಿಗೆ ಎರಡೂ ಒತ್ತು ಬಂದಿವೆ. ಮಾವನಿಂದ ಒಂದು ಕೆಜಿ ಗೋಡಂಬಿ ಬಹುಮಾನವೂ ಬಂತು.

ಮಾರನೇ ದಿನ ಬೆಳಿಗ್ಗೆ ಹತ್ತಕ್ಕೇ ಫೋನು. ಯಾರದೋ ಮದುವೆ ಸಾಮಾನು, ನಲವತ್ತು ಐಟಂ. ಹುಡುಗ ಎಲ್ಲ ಹೊಡೆದು, ಎಂದಿನ ಹಾಗೆ ಪರದೆ ನೋಡದೇ ಮೂರು ಟ್ಯಾಬ್, ಒಂದು ಎಂಟರ್ ಒತ್ತಿದ್ದಾನೆ. ಬಟನ್‌ಗಳನ್ನು ಹೊಸದಾಗಿ ಕೂರಿಸುವಾಗ ಟ್ಯಾಬ್ ಸರದಿಯೂ ಬದಲಾಗಿತ್ತು, ಅದನ್ನು ನಾನು ನೋಡಿಯೇ ಇರಲಿಲ್ಲ. ಈಗ ಮೂರನೆಯದು 'ಬಿಲ್ ಅಳಿಸು'.

"ಅಣ್ಣ, ಮೊದಲಿನ ಥರಾನೇ ಮಾಡ್ಕೊಡಿ" ಅಂದ. "ಬಟನ್ ಕಾಣದಿದ್ರೂ ಪರವಾಗಿಲ್ಲ."